ಸಾಕ್ಷಿಯಾಗಿ ನಿಲ್ಲುವ ಚಿತ್ರ: ಸಂಘರ್ಷ ಮತ್ತು ಮಾನವ ಹಕ್ಕುಗಳ ಫೋಟೋ ಜರ್ನಲಿಸಂ ಮಾಡುವ ಬಗೆ

1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದ ಬಿಯೆಲಿನಾ ಪಟ್ಟಣದಲ್ಲಿ ಅಮೆರಿಕದ ರಾನ್ ಹವೀವ್ ತೆಗೆದ ಚಿತ್ರವೊಂದಿದೆ. ರಸ್ತೆಬದಿಯಲ್ಲಿ ನಾಗರಿಕರು ಬಿದ್ದಿದ್ದಾರೆ. ಸರ್ಬಿಯಾದ ಅರೆಸೈನಿಕ ಪಡೆಯ ಯುವಕನೊಬ್ಬ ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದುಕೊಂಡೇ, ನೆಲದ ಮೇಲಿರುವ ಹೆಂಗಸನ್ನು ಒದೆಯಲು ಕಾಲೆತ್ತಿದ್ದಾನೆ. ಮುಂದೆ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಈ ಚಿತ್ರ ಸಾಕ್ಷ್ಯವಾಗಿ ಬಳಕೆಯಾಯಿತು. ಚಿತ್ರದ ಕ್ರೌರ್ಯವಷ್ಟೇ ಅದಕ್ಕೆ ಕಾರಣವಲ್ಲ. ಎಲ್ಲಿ, ಯಾವ ದಿನ, ಯಾವ ಪಡೆ ಎಂಬುದನ್ನು ಖಚಿತವಾಗಿ ಹೇಳಬಲ್ಲ ಛಾಯಾಗ್ರಾಹಕನೂ ಅವನ ಮೂಲ ಫಿಲ್ಮೂ ಚಿತ್ರದ ಜೊತೆಗಿದ್ದವು.

ಈ ವೃತ್ತಿಗೆ ಬರಬೇಕೆನ್ನುವವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಶಟರ್ ಒತ್ತುವುದು ಕೆಲಸದ ಸಣ್ಣ ಪಾಲು. ಅದಕ್ಕೆ ಮುಂಚಿನ ತಯಾರಿ, ಆಮೇಲಿನ ದಾಖಲೆ, ಚಿತ್ರದಲ್ಲಿರುವ ಮನುಷ್ಯ ನಾಳೆಯೂ ಕ್ಷೇಮವಾಗಿರುವಂತೆ ನೋಡಿಕೊಳ್ಳುವುದು ಉಳಿದ ದೊಡ್ಡ ಪಾಲು. ಕೆಳಗಿನದೆಲ್ಲ ಹೆಚ್ಚಾಗಿ ಆ ದೊಡ್ಡ ಪಾಲಿನ ಬಗ್ಗೆ.

ಎಲ್ಲಿಂದ ಶುರು ಮಾಡುವುದು

ಮೊದಲ ಕೆಲಸಕ್ಕೇ ಯುದ್ಧಭೂಮಿಗೆ ಹೋಗಬೇಡಿ. ಭಾಷೆ ಬರದ, ರಸ್ತೆ ಗೊತ್ತಿಲ್ಲದ, ಯಾರನ್ನು ನಂಬಬೇಕೆಂದು ತಿಳಿಯದ ಊರಿನಲ್ಲಿ ಹೊಸಬರು ತಮಗೂ ಅಪಾಯ ತಂದುಕೊಳ್ಳುತ್ತಾರೆ, ಸಹಾಯ ಮಾಡಿದವರಿಗೂ ತರುತ್ತಾರೆ. ಮಾನವ ಹಕ್ಕಿನ ಉಲ್ಲಂಘನೆ ಹುಡುಕಿಕೊಂಡು ಗಡಿ ದಾಟಬೇಕಿಲ್ಲ. ಜೀತವನ್ನು 1976ರ ಕಾಯ್ದೆ ರದ್ದು ಮಾಡಿದೆ, ಮಲ ಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಮ್ಯಾನ್‌ಹೋಲ್‌ಗೆ ಇಳಿದವರ ಸಾವಿನ ಸುದ್ದಿ ನಿಂತಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಭಾರತದ ಮಕ್ಕಳ ಬದುಕನ್ನು ವರ್ಷಗಟ್ಟಲೆ ಚಿತ್ರಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ಆ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ವಿಷಯ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಜಾಗಕ್ಕೆ ಒಂದು ವರ್ಷದಲ್ಲಿ ಐದಾರು ಸಲವಾದರೂ ಹೋಗಬಲ್ಲಿರಾ? ಅಲ್ಲಿಯವರು ನಿಮ್ಮನ್ನು ಕೂರಿಸಿಕೊಂಡು ಮಾತಾಡುವಷ್ಟು ನಂಟು ಬೆಳೆಯುತ್ತದಾ? ಚಿತ್ರದ ಜೊತೆ ನಿಲ್ಲುವ ಕಾಗದಪತ್ರ ಸಿಗುತ್ತದಾ? ಜೀತದ ವಿಷಯವಾದರೆ ಮುಂಗಡದ ಲೆಕ್ಕ ಬರೆದ ಪುಸ್ತಕ, ಅಧಿಕಾರಿಗಳು ಕೊಟ್ಟ ಬಿಡುಗಡೆ ಪತ್ರ. ಸಾವಿನ ವಿಷಯವಾದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ. ಮೂರಕ್ಕೂ ಹೌದು ಎಂದಾದರೆ ಅದು ನಿಮ್ಮ ವಿಷಯ.

ಇನ್ನೂರು ಬಿಡಿ ಚಿತ್ರಗಳ ಪೋರ್ಟ್‌ಫೋಲಿಯೊ ಯಾವ ಫೋಟೋ ಎಡಿಟರ್‌ನನ್ನೂ ಹಿಡಿದು ನಿಲ್ಲಿಸುವುದಿಲ್ಲ. ತಲಾ 12ರಿಂದ 15 ಚಿತ್ರಗಳ ಎರಡು ಕಥನಗಳು ಸಾಕು. ಒಂದೊಂದರಲ್ಲೂ ಊರಿನ ನೋಟ, ಕೆಲಸ, ಮನೆಯ ಒಳಗು, ದಾಖಲೆ, ನೊಂದವರು, ಅಧಿಕಾರ ಕೈಯಲ್ಲಿರುವವರು ಇವೆಲ್ಲ ಇರಲಿ. ಹೊಸಬರು ಸಾಮಾನ್ಯವಾಗಿ ಕೈಬಿಡುವುದು ಈ ಕೊನೆಯದನ್ನು. ಅನ್ಯಾಯಕ್ಕೆ ಒಳಗಾದವರ ಮುಖ ಮಾತ್ರ ತೋರಿಸಿ, ಅನ್ಯಾಯ ಮಾಡುವ ವ್ಯವಸ್ಥೆಯನ್ನು ತೋರಿಸದಿದ್ದರೆ ಅದು ಬರೀ ದುಃಖದ ಆಲ್ಬಂ ಆಗುತ್ತದೆ. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’ ಜಾಲತಾಣದ ಬರಹಗಳು ಕನ್ನಡದಲ್ಲೂ ಸಿಗುತ್ತವೆ. ಗ್ರಾಮೀಣ ವಿಷಯಗಳ ದೀರ್ಘ ಚಿತ್ರಕಥನ ಹೇಗಿರುತ್ತದೆಂದು ನೋಡಿ ಕಲಿಯಲು ಅದು ಒಳ್ಳೆಯ ಜಾಗ.

ಕ್ಯಾಮೆರಾ ಚೀಲ

ಎರಡು ಬಾಡಿ ಬೇಕು. ಒಂದರಲ್ಲಿ 35 ಎಂಎಂ ಅಥವಾ 24–70 ಎಂಎಂ ಲೆನ್ಸ್, ಇನ್ನೊಂದರಲ್ಲಿ 70–200 ಎಂಎಂ. ಧೂಳು, ಹೊಗೆ, ನೂಕುನುಗ್ಗಲಿನ ನಡುವೆ ಲೆನ್ಸ್ ಬದಲಾಯಿಸಲು ಹೋದರೆ ಸೆನ್ಸರ್‌ಗೆ ಧೂಳು ಹಿಡಿಯುತ್ತದೆ, ಜೊತೆಗೆ ಅರ್ಧ ನಿಮಿಷ ನಿಮ್ಮ ಕಣ್ಣು ಸುತ್ತಲಿನ ಮೇಲೆ ಇರುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ. ತೂಕ ಹೆಚ್ಚೆನಿಸಿದರೆ 70–200 ಬದಲು 85 ಎಂಎಂ ಒಯ್ಯಿರಿ. ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿಯನ್ನೇ ಕೊಳ್ಳಿ. ಎರಡೂ ಕಾರ್ಡಿಗೆ ಒಂದೇ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲ್) ಬರೆಯುವಂತೆ ಸೆಟ್ ಮಾಡಿ.

ಗಡಿಯಾರದ ವಿಷಯ ಸಣ್ಣದೆನಿಸುತ್ತದೆ, ಆದರೆ ಸಾಕ್ಷ್ಯ ಕುಸಿಯುವುದು ಬಹಳ ಸಲ ಇಲ್ಲೇ. ಕ್ಯಾಮೆರಾ ಗಡಿಯಾರಗಳು ವಾರಕ್ಕೆ ಕೆಲವು ಸೆಕೆಂಡ್ ಹಿಂದೆ ಮುಂದೆ ಆಗುತ್ತವೆ. ಭಾರತದಿಂದ ನೇಪಾಳಕ್ಕೆ ಹೋದರೆ 15 ನಿಮಿಷ, ಅಫ್ಘಾನಿಸ್ತಾನಕ್ಕೆ ಹೋದರೆ ಒಂದು ಗಂಟೆ ವ್ಯತ್ಯಾಸ. ಪ್ರತಿದಿನ ಬೆಳಿಗ್ಗೆ ಎರಡೂ ಬಾಡಿಯಿಂದ ಮೊಬೈಲ್ ಪರದೆಯ ಮೇಲಿನ ಸಮಯವನ್ನು, ಸೆಕೆಂಡ್ ಕಾಣುವಂತೆ, ಒಂದೊಂದು ಫೋಟೋ ತೆಗೆದುಕೊಳ್ಳಿ. ಗಡಿಯಾರ ತಪ್ಪಿದ್ದರೂ ಎಷ್ಟು ತಪ್ಪಿದೆ ಎಂಬುದಕ್ಕೆ ಆ ಫ್ರೇಮೇ ಆಧಾರ.

ಬೀಪ್ ಶಬ್ದ, ಫೋಕಸ್‌ಗಾಗಿ ಹೊತ್ತಿಕೊಳ್ಳುವ ಕೆಂಪು ದೀಪ, ತೆಗೆದ ಕೂಡಲೇ ಪರದೆ ಬೆಳಗುವುದು, ಮೂರನ್ನೂ ಆರಿಸಿಡಿ. ಕತ್ತಲಲ್ಲಿ ಚೆಕ್‌ಪೋಸ್ಟ್‌ನವನಿಗೆ ಮೊದಲು ಕಾಣುವುದು ಆ ಬೆಳಕೇ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಉಪಯೋಗಿಸಿದರೆ ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆ ಬೀಳುತ್ತದೆ. ಭಾರತ, ಯುರೋಪ್, ಪಶ್ಚಿಮ ಏಷ್ಯಾದ ಹೆಚ್ಚಿನ ಕಡೆ ವಿದ್ಯುತ್ತು 50 ಹರ್ಟ್ಜ್. ಅಲ್ಲಿ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟೆ ಬಹುಪಾಲು ಹೋಗುತ್ತದೆ. ಅಮೆರಿಕದಂಥ 60 ಹರ್ಟ್ಜ್ ದೇಶಗಳಲ್ಲಿ 1/60 ಅಥವಾ 1/125.

ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಅವರ್ ದಾಟಿದ ಪವರ್‌ಬ್ಯಾಂಕಿಗೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು, 160 ದಾಟಿದರೆ ಬಿಡುವುದೇ ಇಲ್ಲ. ಭಾರತದಿಂದ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಬಾಡಿ, ಲೆನ್ಸ್‌ಗಳ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸು ಬರುವಾಗ ನಿಮ್ಮದೇ ಕ್ಯಾಮೆರಾಕ್ಕೆ ಸುಂಕ ಕೇಳಬಹುದು. ಇನ್ನೊಂದು ಮುಖ್ಯ ಮಾತು: ತುರಾಯಾ, ಇರಿಡಿಯಂನಂಥ ಸ್ಯಾಟಲೈಟ್ ಫೋನ್‌ಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವುದು ಅಪರಾಧ. ಬೇರೆ ದೇಶದಲ್ಲಿ ಬಾಡಿಗೆಗೆ ಪಡೆದದ್ದನ್ನು ಅಲ್ಲೇ ಹಿಂದಿರುಗಿಸಿ ಬನ್ನಿ.

ಮೈಮೇಲಿನ ರಕ್ಷಣೆ ಮತ್ತು ರಕ್ತ ನಿಲ್ಲಿಸುವ ವಿದ್ಯೆ

ಬುಲೆಟ್ ಪ್ರೂಫ್ ಜಾಕೆಟ್ ಎಂದರೆ ಎಲ್ಲ ಗುಂಡನ್ನೂ ತಡೆಯುತ್ತದೆ ಎಂಬ ಭ್ರಮೆ ಬೇಡ. ಅಮೆರಿಕದ ನ್ಯಾಯ ಇಲಾಖೆಯ ಎನ್‌ಐಜೆ ಸಂಸ್ಥೆಯ ಮಾನದಂಡದ ಹಳೆಯ ಹೆಸರುಗಳೇ ಇನ್ನೂ ಬಳಕೆಯಲ್ಲಿವೆ. ಲೆವೆಲ್ 3ಎ ಮೆತ್ತನೆಯ ಜಾಕೆಟ್ ಪಿಸ್ತೂಲಿನ ಗುಂಡು, ಸಣ್ಣ ಚೂರುಗಳಿಗೆ. ಕಲಾಶ್ನಿಕೋವ್‌ನಂಥ ರೈಫಲಿಗೆ ಲೆವೆಲ್ 3ರ ಗಟ್ಟಿ ಪ್ಲೇಟ್. ಉಕ್ಕು ಸೀಳುವ ಗುಂಡಿಗೆ ಲೆವೆಲ್ 4. ಹೆಲ್ಮೆಟ್ ಚೂರು, ಕಲ್ಲು ತಡೆಯಲು. ನೇರ ರೈಫಲ್ ಗುಂಡನ್ನು ಅದು ತಡೆಯುತ್ತದೆಂದು ಲೆಕ್ಕ ಹಾಕಬೇಡಿ. ಪ್ಲೇಟಿನ ಮೇಲಂಚು ಗಂಟಲ ಕೆಳಗಿನ ಗುಳಿಗೆ ಸರಿಯಾಗಿ ಬರಬೇಕು. ಅದಕ್ಕಿಂತ ಕೆಳಗೆ ಜೋತುಬಿದ್ದರೆ ಹೃದಯದ ಮೇಲಿನ ಭಾಗ ಬಯಲಾಗಿರುತ್ತದೆ. ಸಡಿಲ ಪಟ್ಟಿಯಿಂದ ಆಗುವ ಸಾಮಾನ್ಯ ತಪ್ಪು ಇದು. ಸೆರಾಮಿಕ್ ಪ್ಲೇಟನ್ನು ಒಮ್ಮೆ ಕೈತಪ್ಪಿ ಸಿಮೆಂಟ್ ನೆಲಕ್ಕೆ ಬೀಳಿಸಿದರೂ ಒಳಗೆ ಬಿರುಕು ಬಿಟ್ಟಿರಬಹುದು, ಹೊರಗೆ ಕಾಣದು. ಹಾಗಾಗಿ ಹಿಂದೆ ಯಾರ ಕೈಯಲ್ಲಿತ್ತೆಂದು ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಪ್ಲೇಟ್ ಕೊಳ್ಳಬೇಡಿ. ಪೂರ್ತಿ ಜಾಕೆಟ್ ಸುಮಾರು 10 ಕೆಜಿ ತೂಗುತ್ತದೆ. ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿ, ಓಡಿ, ಮಂಡಿಯೂರಿ ಅಭ್ಯಾಸ ಮಾಡಿಯೇ ಹೊರಡಿ. ಹಲವು ದೇಶಗಳು ಇದನ್ನು ಸೈನಿಕ ಸಾಮಗ್ರಿ ಎಂದೇ ಪರಿಗಣಿಸುತ್ತವೆ, ಅನುಮತಿ ಪತ್ರ ಮುಂಚೆಯೇ ಬೇಕು. ‘ಪ್ರೆಸ್’ ಎಂಬ ಪಟ್ಟಿ ವೆಲ್ಕ್ರೋದ್ದಾಗಿರಲಿ: ಕೆಲವು ಕಡೆ ಅದು ಕಾಪಾಡುತ್ತದೆ, ಕೆಲವು ಕಡೆ ಅದೇ ಗುರಿಯಾಗುತ್ತದೆ.

ಪ್ರತಿಭಟನೆಯಲ್ಲಿ ಅಶ್ರುವಾಯು ನಿರೀಕ್ಷೆಯಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ. ಕಣ್ಣು ಉಜ್ಜಬೇಡಿ, ಗಾಳಿ ಬರುವ ದಿಕ್ಕಿಗೆ ಸರಿದು ಸ್ವಚ್ಛ ನೀರಿನಿಂದ ತೊಳೆಯಿರಿ.

ಪಿಸ್ತೂಲು, ಫಿರಂಗಿಗಿಂತ ಮುಂಚೆ ಕಲಿಯಬೇಕಾದದ್ದು ರಕ್ತ ನಿಲ್ಲಿಸುವುದು. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಫೋಟೋ ಜರ್ನಲಿಸ್ಟರಾದ ಟಿಮ್ ಹೆದರಿಂಗ್ಟನ್ ಮತ್ತು ಕ್ರಿಸ್ ಹೊಂಡ್ರೋಸ್ ಸ್ಫೋಟಕ್ಕೆ ಸಿಕ್ಕಿ ಸತ್ತರು. ಹೆದರಿಂಗ್ಟನ್ ಸತ್ತದ್ದು ತೊಡೆಯ ಗಾಯದಿಂದ ರಕ್ತ ಹರಿದುಹೋಗಿ. ಅವರ ಸ್ನೇಹಿತ, ಪತ್ರಕರ್ತ ಸೆಬಾಸ್ಟಿಯನ್ ಯುಂಗರ್ ಆಮೇಲೆ ಫ್ರೀಲಾನ್ಸ್ ಪತ್ರಕರ್ತರಿಗೆಂದೇ ರಿಸ್ಕ್ ಎಂಬ ತರಬೇತಿ ಸಂಸ್ಥೆ ಕಟ್ಟಿದರು. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ, ಆಂಬ್ಯುಲೆನ್ಸ್ ಬರುವವರೆಗೆ ಕಾಯಲಾಗದು.

ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿ ಬಳಸುವ ಕ್ರಮ ಹೀಗೆ:

1. ಗಾಯಕ್ಕಿಂತ 5ರಿಂದ 8 ಸೆಂ.ಮೀ. ಮೇಲೆ, ಅಂದರೆ ಹೃದಯದ ಕಡೆಗೆ, ಪಟ್ಟಿ ಸುತ್ತಿ. ಮಂಡಿ, ಮೊಣಕೈ ಕೀಲಿನ ಮೇಲೆ ಬೇಡ. ಗಾಯ ಎಲ್ಲಿದೆಯೆಂದು ತಿಳಿಯದಿದ್ದರೆ ತೊಡೆ ಅಥವಾ ತೋಳಿನ ಬುಡಕ್ಕೆ, ಆದಷ್ಟು ಮೇಲೆ, ಸುತ್ತಿ.
2. ಪಟ್ಟಿಗೆ ಜೋಡಿಸಿರುವ ಕಡ್ಡಿ ತಿರುಗಿಸುವ ಮುಂಚೆಯೇ ಪಟ್ಟಿಯನ್ನು ಎಳೆದು ಬಿಗಿ ಮಾಡಿ. ಸಡಿಲ ಪಟ್ಟಿಯ ಮೇಲೆ ಎಷ್ಟು ತಿರುಗಿಸಿದರೂ ರಕ್ತ ನಿಲ್ಲದು. ಜೇಬಿನಲ್ಲಿ ಫೋನ್, ಕೀಲಿಕೈ ಇದ್ದರೆ ತೆಗೆಯಿರಿ.
3. ರಕ್ತ ನಿಲ್ಲುವವರೆಗೆ ಕಡ್ಡಿ ತಿರುಗಿಸಿ, ಕೊಕ್ಕೆಗೆ ಸಿಕ್ಕಿಸಿ. ಗಾಯಾಳುವಿಗೆ ವಿಪರೀತ ನೋವಾಗುತ್ತದೆ, ಕಿರುಚಿದರೂ ಸಡಿಲಿಸಬೇಡಿ.
4. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೋ ಹಣೆಯ ಮೇಲೋ ಬರೆಯಿರಿ. ಬಿಚ್ಚುವುದು ವೈದ್ಯರ ಕೆಲಸ.

ತೊಡೆಸಂದಿ, ಕಂಕುಳು, ಕುತ್ತಿಗೆಗೆ ಟೂರ್ನಿಕೆಟ್ ನಡೆಯದು. ಅಲ್ಲಿ ಗಾಜ್ ಬಟ್ಟೆಯನ್ನು ಗಾಯದೊಳಗೆ ತುರುಕಿ ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಕಲಿ ಟೂರ್ನಿಕೆಟ್‌ಗಳ ಕಡ್ಡಿ ತಿರುಗಿಸುವಾಗ ಮುರಿಯುತ್ತದೆ, ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಚೀಲದ ತಳದಲ್ಲಿಟ್ಟರೆ ಪ್ರಯೋಜನವಿಲ್ಲ. ಎಡಗೈಗೂ ಬಲಗೈಗೂ ಎಟಕುವ ಜಾಗದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಿ. ಓದಿ ಕಲಿಯುವ ವಿದ್ಯೆ ಇದಲ್ಲ, ಮೂರರಿಂದ ಐದು ದಿನದ ತರಬೇತಿ ಪಡೆಯಲೇಬೇಕು. ದುಬಾರಿಯಾದರೆ ಲಂಡನ್‌ನ ರೋರಿ ಪೆಕ್ ಟ್ರಸ್ಟ್ ಫ್ರೀಲಾನ್ಸರ್‌ಗಳ ತರಬೇತಿಗೆ ಧನಸಹಾಯ ಕೊಟ್ಟುಕೊಂಡು ಬಂದಿದೆ, ವಿಚಾರಿಸಿ.

ಹೊರಡುವ ಮುಂಚಿನ ಕಾಗದ

ಅಸೈನ್‌ಮೆಂಟ್ ಪತ್ರವಿಲ್ಲದೆ, ವಿಮೆಯಿಲ್ಲದೆ ಸಂಘರ್ಷದ ಜಾಗಕ್ಕೆ ಹೋಗುವುದು ಧೈರ್ಯವಲ್ಲ. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಯುದ್ಧ, ಗಲಭೆಯನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯ ಆ ಕಲಮನ್ನು ಹುಡುಕಿ ಓದಿ. ಯುದ್ಧದ ಅಪಾಯ ಮತ್ತು ವೈದ್ಯಕೀಯ ಸ್ಥಳಾಂತರ, ಎರಡೂ ಸೇರಿರಬೇಕು.

ಒಂದು ಪುಟದ ಸಂಪರ್ಕ ಯೋಜನೆ ಬರೆದು ಊರಲ್ಲಿರುವ ಒಬ್ಬರ ಕೈಯಲ್ಲಿಡಿ. ದಿನಕ್ಕೆ ಎರಡು ನಿಗದಿತ ಹೊತ್ತಿಗೆ ಸಂದೇಶ. ಬರದಿದ್ದರೆ ಅರ್ಧ ಗಂಟೆಗೆ ನಿಮಗೆ ಕರೆ, ಎರಡು ಗಂಟೆಗೆ ಫಿಕ್ಸರ್‌ಗೆ (ನಿಮ್ಮ ಸ್ಥಳೀಯ ಸಹಾಯಕ) ಮತ್ತು ಹೋಟೆಲಿಗೆ ಕರೆ, ಆರು ಗಂಟೆಗೆ ಎಡಿಟರ್, ರಾಯಭಾರ ಕಚೇರಿ ಮತ್ತು ರೆಡ್‌ಕ್ರಾಸ್. ಅಪಾಯಕಾರಿ ಕೆಲಸದಲ್ಲಿರುವ ಪತ್ರಕರ್ತರಿಗಾಗಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1985ರಿಂದ ಒಂದು ಹಾಟ್‌ಲೈನ್ ನಡೆಸುತ್ತಿದೆ. ಸಂಖ್ಯೆಯನ್ನು ಆ ಪುಟದಲ್ಲೇ ಬರೆದಿಡಿ. ಅಪಹರಣವಾದರೆ ನೀವು ಬದುಕಿದ್ದೀರೆಂದು ಖಚಿತಪಡಿಸಲು, ಇಂಟರ್ನೆಟ್‌ನಲ್ಲಿ ಎಲ್ಲೂ ಉತ್ತರ ಸಿಗದ ಮೂರು ಪ್ರಶ್ನೆಗಳನ್ನು ಮನೆಯವರೊಡನೆ ಮೊದಲೇ ಗೊತ್ತುಮಾಡಿಕೊಳ್ಳಿ. ಈ ಮಾತನ್ನು ಮನೆಯಲ್ಲಿ ಎತ್ತುವುದು ಕಷ್ಟ, ಆದರೂ ಎತ್ತಬೇಕು.

1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯ 79ನೇ ವಿಧಿ ಪತ್ರಕರ್ತರನ್ನು ನಾಗರಿಕರೆಂದು ಪರಿಗಣಿಸುತ್ತದೆ. ಅಂದರೆ ಅವರ ಮೇಲೆ ಬೇಕೆಂದೇ ದಾಳಿ ಮಾಡುವುದು ಕಾನೂನುಬಾಹಿರ. ಆದರೆ ಸೈನ್ಯದ ವಾಹನದಲ್ಲಿ ಕೂತ ಮೇಲೆ ಆ ವಾಹನಕ್ಕೆ ಬರುವ ಗುಂಡು ನಿಮಗೂ ಬರುತ್ತದೆ. ರಾಯಿಟರ್ಸ್ ಸುದ್ದಿಸಂಸ್ಥೆಯ ಫೋಟೋ ಜರ್ನಲಿಸ್ಟ್ ದಾನಿಶ್ ಸಿದ್ದಿಕಿ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಕೊಲ್ಲಲ್ಪಟ್ಟಾಗ ಅಫ್ಘಾನ್ ವಿಶೇಷ ಪಡೆಯ ಜೊತೆಗಿದ್ದರು. ರೊಹಿಂಗ್ಯಾ ವಲಸೆಯ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಜರ್ ಪಡೆದ ತಂಡದ ಸದಸ್ಯರಾಗಿದ್ದವರು ಅವರು; ಎಷ್ಟು ಅನುಭವಿಯಾದರೂ ಈ ಲೆಕ್ಕ ಬದಲಾಗುವುದಿಲ್ಲ. ಪಡೆಯೊಂದರ ಜೊತೆ ಹೋಗುವ ಮುಂಚೆ ಕೇಳಿ: ಹಿಂದೆ ಸರಿಯುವ ದಾರಿ ಯಾವುದು, ಗಾಯವಾದರೆ ಯಾರು ಎತ್ತುತ್ತಾರೆ, ಯಾವ ಹೊತ್ತಿಗೆ ನಾನು ಇಳಿದುಹೋಗಬಹುದು. ಉತ್ತರ ತೃಪ್ತಿಯಾಗದಿದ್ದರೆ ಹತ್ತಬೇಡಿ.

ಫಿಕ್ಸರ್ ಎಂದರೆ ಬರೀ ದುಭಾಷಿಯಲ್ಲ. ಯಾವ ಬೀದಿಯಲ್ಲಿ ಅಂಗಡಿ ಬಾಗಿಲು ಹಾಕಿದೆ, ಮಕ್ಕಳು ಏಕೆ ಹೊರಗೆ ಆಡುತ್ತಿಲ್ಲ ಎಂದು ಓದಬಲ್ಲವರು ಅವರೇ. ವಾಪಸು ಹೋಗೋಣ ಎಂದು ಅವರು ಅಂದರೆ ಕಾರಣ ಕೇಳುತ್ತ ನಿಲ್ಲದೆ ಹೊರಡಿ, ಕಾರಣ ಕಾರಿನಲ್ಲಿ ಕೇಳಬಹುದು. ದಿನಗೂಲಿ, ಅವರ ಊಟ, ಇಂಧನ, ಅವರಿಗೂ ಜಾಕೆಟ್, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಇಷ್ಟನ್ನೂ ಮೊದಲ ದಿನವೇ ಮಾತಾಡಿ. ನೀವು ಹಾರಿ ಹೋದಮೇಲೂ ಅವರು ಅದೇ ಊರಲ್ಲಿ ಬದುಕಬೇಕು. ಅವರ ಹೆಸರು ಹಾಕುವುದೋ ಬೇಡವೋ ಎಂಬ ತೀರ್ಮಾನ ಅವರದ್ದೇ.

ಒಪ್ಪಿಗೆ ಕೇಳುವುದು, ಗುರುತು ಮರೆಸುವುದು

ತಲೆಯಾಡಿಸಿದರೆ ಒಪ್ಪಿಗೆಯಾಗದು. ನೀವು ಯಾರು, ಚಿತ್ರ ಎಲ್ಲೆಲ್ಲಿ ಬರುತ್ತದೆ, ಇಂಟರ್ನೆಟ್‌ಗೆ ಹೋದರೆ ಅವರ ಊರಿನವರ ಮೊಬೈಲಿಗೂ ಬರುತ್ತದೆ, ಒಮ್ಮೆ ಹೊರಟದ್ದನ್ನು ಪೂರ್ತಿ ವಾಪಸು ತರಲಾಗದು, ಇದನ್ನೆಲ್ಲ ಅವರ ಭಾಷೆಯಲ್ಲಿ ಹೇಳಿ. ಆಮೇಲೆ ಒಂದು ಪ್ರಶ್ನೆ: “ಈ ಫೋಟೋ ಯಾರ ಕಣ್ಣಿಗೆ ಬಿದ್ದರೆ ನಿಮಗೆ ತೊಂದರೆ?” ಜನ ಸಾಮಾನ್ಯವಾಗಿ ಅಲ್ಲಿಯವರೆಗೆ ಯೋಚಿಸಿರುವುದಿಲ್ಲ, ಈ ಪ್ರಶ್ನೆಗೆ ಬರುವ ಉತ್ತರವೇ ಮುಖ ತೋರಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತದೆ. ಕೊನೆಗೆ, ಅವರಿಗೆ ಏನು ಅರ್ಥವಾಯಿತೆಂದು ಅವರ ಬಾಯಲ್ಲೇ ಹೇಳಿಸಿ ಕೇಳಿಕೊಳ್ಳಿ. ಶಿಬಿರದ ಅಧಿಕಾರಿ, ಎನ್‌ಜಿಒ ಕಾರ್ಯಕರ್ತ, ಮನೆಯ ಯಜಮಾನ ಪಕ್ಕದಲ್ಲಿದ್ದರೆ ಸಿಗುವ ಒಪ್ಪಿಗೆಗೆ ಬೆಲೆ ಕಡಿಮೆ. ಸಹಾಯ ಸಿಗುತ್ತದೆಂಬ ಆಸೆಯಿಂದ ಒಪ್ಪುವವರೂ ಇರುತ್ತಾರೆ. ಚಿತ್ರಕ್ಕೂ ರೇಷನ್ನಿಗೂ ಸಂಬಂಧವಿಲ್ಲವೆಂದು ಬಿಡಿಸಿ ಹೇಳಿ.

ಸಹಿ ಹಾಕಿಸಿದ ಒಪ್ಪಿಗೆ ಪತ್ರಗಳ ಕಟ್ಟು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರೆ ಅದೇ ಬೇಟೆಯ ಪಟ್ಟಿಯಾಗುತ್ತದೆ. ಹೆಸರುಗಳನ್ನು ಚಿತ್ರಗಳ ಜೊತೆ ಇಡಬೇಡಿ. ನೋಟ್‌ಬುಕ್‌ನಲ್ಲಿ ಸಂಕೇತ, ಸಂಕೇತ ಬಿಡಿಸುವ ಪಟ್ಟಿ ಬೇರೆ ಕಡೆ.

ಭಾರತದಲ್ಲಿ ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಪೋಕ್ಸೊ 23ನೇ ಕಲಂ, ಬಾಲನ್ಯಾಯದ ವ್ಯಾಪ್ತಿಗೆ ಬರುವ ಮಕ್ಕಳಿಗೆ ಆ ಕಾಯ್ದೆಯ 74ನೇ ಕಲಂ ಇದೆ. ಹೆಸರಷ್ಟೇ ಅಲ್ಲ, ಶಾಲೆ, ಮನೆ, ನೆರೆಹೊರೆ, ಗುರುತು ಹಿಡಿಯಲು ದಾರಿ ಕೊಡುವ ಏನೂ ಕೂಡದು.

ಗುರುತು ಮರೆಸುವುದನ್ನು ಕಂಪ್ಯೂಟರಿಗೆ ಬಿಡದೆ ಚಿತ್ರ ತೆಗೆಯುವಾಗಲೇ ಮಾಡಿ. ಇಲ್ಲಿ ತಪ್ಪುವ ಜಾಗಗಳು ಬಹಳ. ಮುಖ ಮಬ್ಬು ಮಾಡಿ, ಹಚ್ಚೆ, ಬಳೆ, ಸೀರೆಯ ಅಂಚು, ಗೋಡೆಯ ಕ್ಯಾಲೆಂಡರ್, ಬಾಗಿಲ ಸಂಖ್ಯೆ ಹಾಗೇ ಬಿಟ್ಟರೆ ಊರವರಿಗೆ ಒಂದು ನೋಟ ಸಾಕು. ಕಿಟಕಿಗೆ ಬೆನ್ನು ಮಾಡಿ ಕೂರಿಸಿ ನೆರಳಿನ ಆಕಾರವಾಗಿ ತೆಗೆದರೆ ಪರದೆಯ ಮೇಲೆ ಮುಖ ಕಪ್ಪಾಗಿ ಕಾಣುತ್ತದೆ. ಆದರೆ ಇವತ್ತಿನ ಸೆನ್ಸರ್‌ಗಳ ರಾ ಫೈಲಿನಲ್ಲಿ ನೆರಳನ್ನು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಎತ್ತಿದರೆ ಕಣ್ಣು, ಮೂಗು, ಗಲ್ಲದ ಮಚ್ಚೆ ಎಲ್ಲ ಎದ್ದು ಬರುತ್ತವೆ. ಹಾಗಾಗಿ ಕಿಟಕಿಯ ಬೆಳಕಿಗೆ ಎಕ್ಸ್‌ಪೋಶರ್ ಹೊಂದಿಸಿ, ಮೇಲೆ ಇನ್ನೂ ಎರಡು ಸ್ಟಾಪ್ ಇಳಿಸಿ, ಸ್ಥಳದಲ್ಲೇ ನೆರಳು ಎತ್ತಿ ಪರೀಕ್ಷಿಸಿ, ಹೊರಗೆ ಕಳಿಸುವುದು ಜೆಪೆಗ್ ಮಾತ್ರ. ಇನ್ನೊಂದು ಬಲೆ ಫೈಲಿನೊಳಗಿದೆ. ಜೆಪೆಗ್‌ನ ಎಕ್ಸಿಫ್ ಮಾಹಿತಿಯಲ್ಲಿ (ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ವಿವರ) ಪುಟ್ಟ ಥಂಬ್‌ನೇಲ್ ಅಡಗಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಮುಖ ಮರೆಸಿದ ಮೇಲೂ ಆ ಥಂಬ್‌ನೇಲನ್ನು ಹಳೆಯದಾಗಿಯೇ ಬಿಡುತ್ತವೆ. ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್‌ನಿಂದ ತೆಗೆದುಹಾಕಿ, ಜಿಪಿಎಸ್ ಮಾಹಿತಿಯನ್ನೂ ತೆಗೆಯಿರಿ. ಇದೆಲ್ಲ ಪ್ರಕಟಣೆಯ ಪ್ರತಿಗೆ ಮಾತ್ರ. ಮೂಲ ಫೈಲ್ ಮುಟ್ಟಬಾರದು.

ಸ್ಥಳದ ದಾಖಲೆ ಮತ್ತು ಕ್ಯಾಪ್ಷನ್

ಕೆಡವಿದ ಮನೆ, ಸಿಡಿದ ಶೆಲ್, ಸಾಮೂಹಿಕ ಸಮಾಧಿ, ಯಾವುದೇ ಇರಲಿ, ದೂರದಿಂದ ಹತ್ತಿರಕ್ಕೆ ಬನ್ನಿ. ಮೊದಲು ಮಿನಾರು, ನೀರಿನ ಟ್ಯಾಂಕು, ಬೆಟ್ಟದ ಸಾಲು ಹೀಗೆ ಉಪಗ್ರಹ ಚಿತ್ರದ ಜೊತೆ ತಾಳೆ ನೋಡಬಹುದಾದ ಹಿನ್ನೆಲೆಯಿರುವ ಅಗಲ ಚಿತ್ರ. ನಿಂತಲ್ಲೇ ತಿರುಗಿ ನಾಲ್ಕೂ ದಿಕ್ಕು. ಆಮೇಲೆ ಮಧ್ಯಮ ಅಂತರ, ಕೊನೆಗೆ ಹತ್ತಿರದ ವಿವರ, ಅಳತೆಗಾಗಿ ಪಕ್ಕದಲ್ಲಿ ಸ್ಕೇಲ್ ಅಥವಾ ಪೆನ್. ಸಿಡಿಯದ ಮದ್ದುಗುಂಡಿನ ಹತ್ತಿರ ಸ್ಕೇಲ್ ಇಡಲೂ ಹೋಗಬೇಡಿ, ಉದ್ದ ಲೆನ್ಸ್‌ನಿಂದ ಮೇಲಿನ ಅಕ್ಷರ, ಸಂಖ್ಯೆ ಸೆರೆಹಿಡಿಯಿರಿ. ಚಂದ ಕಾಣಲೆಂದು ಗೊಂಬೆಯನ್ನೋ ಚಪ್ಪಲಿಯನ್ನೋ ಜರುಗಿಸಿದರೆ ಆ ಇಡೀ ಸರಣಿ ಸಾಕ್ಷ್ಯವಾಗಿ ಸತ್ತಂತೆ. ಖಾಲಿ ತೋಟೆಯನ್ನು ನೆನಪಿಗೆಂದು ಜೇಬಿಗಿಳಿಸುವುದೂ ಕೂಡದು, ವಿಮಾನ ನಿಲ್ದಾಣದಲ್ಲಿ ಬಂಧನವಾಗಬಹುದು.

ಕ್ಯಾಪ್ಷನ್ ಅದೇ ದಿನ ರಾತ್ರಿ ಬರೆಯಿರಿ. ಮಾದರಿಗೆಂದು ಒಂದು ಕಲ್ಪಿತ ಉದಾಹರಣೆ ನೋಡಿ. “ನೋವಿನ ಕಣ್ಣೀರು: ಎಲ್ಲ ಕಳೆದುಕೊಂಡ ನಿರಾಶ್ರಿತ ಮಹಿಳೆ” ಎಂದು ಬರೆದರೆ ಏನೂ ತಿಳಿಯದು. ಅದರ ಬದಲು: “ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಶಿಬಿರವೊಂದರಲ್ಲಿ ಮಂಗಳವಾರ ಗುಡಿಸಲ ಎದುರು ಕೂತಿರುವ 34 ವರ್ಷದ ರೊಹಿಂಗ್ಯಾ ಮಹಿಳೆ. ಸೈನಿಕರು ಮನೆಗೆ ಬೆಂಕಿ ಹಚ್ಚಿದ್ದನ್ನು ಕಂಡು ಇಬ್ಬರು ಮಕ್ಕಳೊಡನೆ ಗಡಿ ದಾಟಿದ್ದಾಗಿ ಅವರು ಹೇಳಿದರು. ಅವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ.” ನೀವು ಕಣ್ಣಾರೆ ಕಂಡದ್ದು ಮೊದಲ ವಾಕ್ಯ, ಅವರು ಹೇಳಿದ್ದು ಎರಡನೆಯದು. ಈ ಎರಡನ್ನು ಕಲಸಿದರೆ ಎದುರು ಪಕ್ಷದ ವಕೀಲ ಮೊದಲು ಹಿಡಿಯುವುದು ಅದನ್ನೇ. ಕಣ್ಣೀರಿಗೆ ಕಾರಣ ಹೊಗೆಯೂ ಇರಬಹುದು. ಕೇಳದೆ ಭಾವನೆ ಆರೋಪಿಸಬೇಡಿ. ಕ್ಯಾಪ್ಷನ್ ಐಪಿಟಿಸಿ ಫೀಲ್ಡ್‌ನಲ್ಲಿ, ಅಂದರೆ ಫೈಲಿನೊಳಗೇ, ಇರಬೇಕು. ಇಮೇಲ್‌ನಲ್ಲಿ ಬರೆದು ಕಳಿಸಿದ ಕ್ಯಾಪ್ಷನ್ ಚಿತ್ರದಿಂದ ಬೇರೆಯಾಗಿ ಕಳೆದುಹೋಗುತ್ತದೆ.

ಫೈಲುಗಳ ಕಾವಲು

ಹೆಚ್ಚಿನ ಕ್ಯಾಮೆರಾಗಳಲ್ಲಿ ಕಾರ್ಡನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಮಾಡುವ, ಸೌಲಭ್ಯವಿಲ್ಲ. 2016ರಲ್ಲಿ ನೂರೈವತ್ತಕ್ಕೂ ಹೆಚ್ಚು ಸಾಕ್ಷ್ಯಚಿತ್ರ ನಿರ್ದೇಶಕರು, ಫೋಟೋ ಜರ್ನಲಿಸ್ಟರು ಕ್ಯಾಮೆರಾ ಕಂಪನಿಗಳಿಗೆ ಇದನ್ನು ಕೇಳಿ ಬಹಿರಂಗ ಪತ್ರ ಬರೆದಿದ್ದರು. ಆ ಸೌಲಭ್ಯ ಬರುವವರೆಗೆ ಕೈಯಲ್ಲಿರುವ ದಾರಿ ಇಷ್ಟೇ: ಸಂಜೆ ಕಾರ್ಡ್‌ನಿಂದ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪಿಗೆ, ಅಲ್ಲಿಂದ ಎನ್‌ಕ್ರಿಪ್ಟ್ ಆದ ಹೊರ ಡ್ರೈವಿಗೆ, ನೆಟ್‌ವರ್ಕ್ ಇದ್ದರೆ ದೇಶದ ಹೊರಗಿನ ಸರ್ವರಿಗೆ. ಮೂರು ಪ್ರತಿ ಖಚಿತವಾದ ಮೇಲೆ ಮಾತ್ರ ಕಾರ್ಡ್ ಅಳಿಸಿ. ಡಿಲೀಟ್ ಒತ್ತಿದ ಚಿತ್ರಗಳು ರಿಕವರಿ ಸಾಫ್ಟ್‌ವೇರ್‌ಗೆ ಸಿಗುತ್ತವೆ, ಕ್ವಿಕ್ ಫಾರ್ಮ್ಯಾಟ್ ಆದವೂ ಅಷ್ಟೇ. ಕಾರ್ಡ್ ಪೂರ್ತಿ ಹೊಸ ಮಾಹಿತಿಯಿಂದ ತುಂಬಿದರೆ ಮಾತ್ರ ಹಳೆಯದು ಹೋಗುತ್ತದೆ. ಹೊರಡುವ ಹಿಂದಿನ ರಾತ್ರಿ ಹೋಟೆಲಿನ ಗೋಡೆಯನ್ನು ವಿಡಿಯೊ ಮಾಡಿ ತುಂಬಿಸಬಹುದು.

ನಕಲು ಮಾಡಿದ ಕೂಡಲೇ ಪ್ರತಿ ಮೂಲ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು) ತೆಗೆದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಎಡಿಟರ್‌ಗೆ ಇಮೇಲ್ ಮಾಡಿ. ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಐದು ವರ್ಷದ ಮೇಲೆ ಫೈಲ್ ತಿದ್ದಿಲ್ಲವೆಂದು ತೋರಿಸಲು ಆ ದಿನದ ಇಮೇಲ್ ಸಾಕು. ಕಾರ್ಡ್ ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂದು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಬನ್ನಿ. ಬರ್ಕ್ಲಿ ವಿಶ್ವವಿದ್ಯಾಲಯದ ಮಾನವ ಹಕ್ಕು ಕೇಂದ್ರ ಮತ್ತು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2020ರಲ್ಲಿ ಹೊರತಂದ ಬರ್ಕ್ಲಿ ಪ್ರೋಟೊಕಾಲ್ ಡಿಜಿಟಲ್ ಸಾಕ್ಷ್ಯ ಕಾಪಾಡುವ ಕ್ರಮವನ್ನು ವಿವರಿಸುತ್ತದೆ. ಅದು ಮುಖ್ಯವಾಗಿ ಇಂಟರ್ನೆಟ್‌ನಿಂದ ಸಂಗ್ರಹಿಸುವವರಿಗೆ ಬರೆದದ್ದಾದರೂ ಫೋಟೋಗ್ರಾಫರ್‌ಗಳೂ ಓದಬೇಕು.

ತಿದ್ದುವುದರ ಗೆರೆ ಸ್ಪಷ್ಟವಿದೆ. ಕ್ರಾಪ್, ಬೆಳಕು, ಬಣ್ಣದ ಮಿತ ಹೊಂದಾಣಿಕೆ ಸರಿ. ಫ್ರೇಮಿನೊಳಗೆ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. 2003ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್‌ಸ್ಕಿ ಇರಾಕಿನ ಬಸ್ರಾದ ಎರಡು ಫ್ರೇಮ್ ಜೋಡಿಸಿ ಕೆಲಸ ಕಳೆದುಕೊಂಡರು. 2014ರಲ್ಲಿ ನಾರ್ಸಿಸೊ ಕಾಂಟ್ರೆರಾಸ್ ಸಿರಿಯಾದ ಚಿತ್ರವೊಂದರ ಮೂಲೆಯಲ್ಲಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದಕ್ಕೆ ಎಪಿ ಸುದ್ದಿಸಂಸ್ಥೆ ಅವರೊಡನೆ ಸಂಬಂಧ ಕಡಿದುಕೊಂಡಿತು. ಅವರು ಆ ಸಂಸ್ಥೆಯ ಪುಲಿಟ್ಜರ್ ವಿಜೇತ ತಂಡದಲ್ಲಿದ್ದವರು. ಮೊಬೈಲ್ ಆ್ಯಪ್‌ಗಳ ‘ಎನ್‌ಹಾನ್ಸ್’ ಬಟನ್, ಎಐನಿಂದ ಖಾಲಿ ಜಾಗ ತುಂಬುವ ಸೌಲಭ್ಯ ಇವೆಲ್ಲ ಅದೇ ಗೆರೆಯ ಆಚೆಗಿವೆ.

ಹಣ ಮತ್ತು ಹಕ್ಕು

ಭಾರತದ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಯಾರಾದರೂ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಕಾಪಿರೈಟ್ ತೆಗೆಸಿದವರದ್ದು. ಎನ್‌ಜಿಒಗಳಿಗೆ ಕೆಲಸ ಮಾಡುವ ಎಷ್ಟೋ ಮಂದಿಗೆ ಇದು ಗೊತ್ತಿರುವುದಿಲ್ಲ. “ಕಾಪಿರೈಟ್ ಛಾಯಾಗ್ರಾಹಕರದ್ದು; ಸಂಸ್ಥೆಗೆ ಇಷ್ಟು ವರ್ಷ, ಇಂಥ ಬಳಕೆಗೆ ಲೈಸೆನ್ಸ್” ಎಂದು ಬರೆದ ಒಪ್ಪಂದಕ್ಕೆ ಹೊರಡುವ ಮುಂಚೆಯೇ ಸಹಿ ಮಾಡಿಸಿ. ಹಕ್ಕು ನಿಮ್ಮಲ್ಲಿ ಉಳಿದರೆ ಹಣದ ಜೊತೆಗೆ ಇನ್ನೊಂದು ಅನುಕೂಲ: ಆ ಚಿತ್ರ ದೇಣಿಗೆ ಜಾಹೀರಾತಿಗೋ ಚುನಾವಣಾ ಪ್ರಚಾರಕ್ಕೋ ಹೋಗದಂತೆ ತಡೆಯುವ ಅಧಿಕಾರ ನಿಮ್ಮದಾಗಿರುತ್ತದೆ. ಖರ್ಚು ಕೊಟ್ಟವರು ಯಾರೆಂದು ಪ್ರಕಟಣೆಯಲ್ಲಿ ಹೇಳಿ. ದೀರ್ಘ ಕೆಲಸಕ್ಕೆ ಡಬ್ಲ್ಯು. ಯೂಜಿನ್ ಸ್ಮಿತ್ ಗ್ರಾಂಟ್, ಮ್ಯಾಗ್ನಮ್ ಫೌಂಡೇಶನ್, ಪುಲಿಟ್ಜರ್ ಸೆಂಟರ್ ನೆರವು ಕೊಡುತ್ತವೆ. ಅರ್ಜಿಯಲ್ಲಿ ಅವರು ನೋಡುವುದು ನೀವು ಈಗಾಗಲೇ ಶುರುಮಾಡಿದ ಕೆಲಸವನ್ನು, ಬರೀ ಯೋಜನೆಯನ್ನಲ್ಲ.

ಮನಸ್ಸಿನ ಗಾಯ

ಟೊರಾಂಟೊದ ಮನೋವೈದ್ಯ ಆಂಟನಿ ಫೈನ್‌ಸ್ಟೈನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುದ್ಧ ವರದಿ ಮಾಡುವ ಪತ್ರಕರ್ತರಲ್ಲಿ ಶೇ 28.6 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಕಾಣಿಸಿಕೊಂಡಿತ್ತು. ನಿದ್ದೆಗೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕುಡಿತ ಏರುವುದು, ಮನೆಯವರ ಮೇಲೆ ರೇಗುವುದು ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು; ಬೆಂಗಳೂರಿನ ನಿಮ್ಹಾನ್ಸ್ ಆ ಜಾಲದ ಮುಖ್ಯ ಕೇಂದ್ರ. ಭೀಕರ ಚಿತ್ರಗಳನ್ನು ಆರಿಸುವಾಗ ಥಂಬ್‌ನೇಲ್ ಸಣ್ಣದಾಗಿರಲಿ, ಮೊದಲ ಸುತ್ತು ಕಪ್ಪುಬಿಳುಪಿನಲ್ಲಿರಲಿ, ವಿಡಿಯೊ ಇದ್ದರೆ ಶಬ್ದ ನಿಲ್ಲಿಸಿ. ಮನಸ್ಸನ್ನು ಹೆಚ್ಚು ಹೊಕ್ಕುವುದು ಶಬ್ದ. ಮಲಗುವ ಕೋಣೆಯಲ್ಲಿ ಈ ಕೆಲಸ ಬೇಡ. ಫಿಕ್ಸರ್‌ಗಳಿಗೂ ಇದೇ ಗಾಯ ಆಗುತ್ತದೆ, ಅವರಿಗೆ ಕೇಳುವವರು ಕಡಿಮೆ. ಕೆಲಸ ಮುಗಿದ ವಾರದಲ್ಲೂ ತಿಂಗಳ ಮೇಲೂ ಅವರಿಗೆ ಫೋನ್ ಮಾಡಿ.

ಪ್ರಕಟವಾದ ಮೇಲೆ

ಛಾಯಾಗ್ರಾಹಕ ದಂಪತಿ ಯೂಜಿನ್ ಸ್ಮಿತ್ ಮತ್ತು ಐಲೀನ್ ಸ್ಮಿತ್ 1971ರಿಂದ ಜಪಾನಿನ ಮಿನಮಾಟಾದಲ್ಲೇ ನೆಲೆಸಿ, ಕಾರ್ಖಾನೆಯ ಪಾದರಸ ವಿಷದಿಂದ ನರಳಿದವರನ್ನು ಚಿತ್ರಿಸಿದರು. ತಾಯಿ ತನ್ನ ಮಗಳನ್ನು ಸ್ನಾನದ ತೊಟ್ಟಿಯಲ್ಲಿ ತೋಳಲ್ಲಿ ಹಿಡಿದಿರುವ ಚಿತ್ರ ಜಗತ್ತಿಗೆ ಆ ದುರಂತವನ್ನು ಕಾಣಿಸಿತು. ಮಗಳು ತೀರಿಹೋಗಿ ಇಪ್ಪತ್ತು ವರ್ಷದ ಮೇಲೆ, ಅವಳು ಇನ್ನಾದರೂ ವಿಶ್ರಾಂತಿ ಪಡೆಯಲಿ ಎಂದು ಹೆತ್ತವರು ಬಯಸಿದಾಗ, ಆ ಚಿತ್ರದ ಬಳಕೆಯ ತೀರ್ಮಾನವನ್ನು ಐಲೀನ್ ಆ ಹೆತ್ತವರಿಗೇ ಬಿಟ್ಟುಕೊಟ್ಟರು.

ನಿಮಗೂ ಅಂಥ ಕೋರಿಕೆ ಬರುತ್ತದೆ. ಮದುವೆ ಗೊತ್ತಾಗಿದೆ, ಕೇಸು ರಾಜಿಯಾಗಿದೆ, ಸರ್ಕಾರ ಬದಲಾಗಿದೆ, ಕಾರಣ ಏನೇ ಇರಲಿ. ಕೋರಿಕೆಯ ದಿನಾಂಕ ಬರೆದಿಟ್ಟುಕೊಂಡು ಮೊದಲು ನಿಮ್ಮ ಜಾಲತಾಣ, ಸೋಶಿಯಲ್ ಮೀಡಿಯಾದಿಂದ ತೆಗೆಯಿರಿ. ಏಜೆನ್ಸಿಗೆ ಬರೆದು ಚಿತ್ರವನ್ನು ಮಾರಾಟದಿಂದ ಹಿಂತೆಗೆಸಿ. ಹಿಂದೆ ಕೊಂಡವರಿಗೂ ಸೂಚನೆ ಕಳಿಸಲು ಹೇಳಿ. ಪತ್ರಿಕೆಯ ಜಾಲತಾಣದವರು ಚಿತ್ರ ತೆಗೆಯಲು ಒಪ್ಪದಿದ್ದರೆ ಹೆಸರು ಮತ್ತು ಊರನ್ನಾದರೂ ತೆಗೆಸಲು ಕೇಳಿ. ಹುಡುಕಾಟದಲ್ಲಿ ಸಿಗುವುದು ಹೆಚ್ಚಾಗಿ ಆ ಎರಡರಿಂದಲೇ. ಮೂಲ ಫೈಲ್, ಹ್ಯಾಶ್ ಪಟ್ಟಿ, ನೋಟ್‌ಬುಕ್ ಮಾತ್ರ ಎನ್‌ಕ್ರಿಪ್ಟ್ ಆದ ಡ್ರೈವಿನಲ್ಲಿ ಹಾಗೇ ಇರಲಿ. ಇದನ್ನೂ ಅವರಿಗೆ ತಿಳಿಸಿ, ನ್ಯಾಯಾಲಯ ಕೇಳಿದರೆ ಮೊದಲು ಅವರನ್ನು ಸಂಪರ್ಕಿಸುವುದಾಗಿ ಬರವಣಿಗೆಯಲ್ಲಿ ಕೊಡಿ.